ಫಾಲ್ ಕಲರ್ಸ್ ನೋಡೋಕೆ ಶೆನಂಡೋವಾ ಬೆಟ್ಟಕ್ಕೆ: ಅಪ್ಪ-ಅಮ್ಮ, ಮಕ್ಕಳು, ಫ್ರೆಂಡ್ಸ್ ಎಲ್ಲರನ್ನೂ ಕರ್ಕೊಂಡು ಹೋಗೋದು ಹೇಗೆ

ಸೆಪ್ಟೆಂಬರ್ ಕೊನೆ ಬಂತು ಅಂದ್ರೆ ನನಗೂ ನನ್ನ ಹೆಂಡತಿಗೂ ಮೆಸೇಜ್‌ಗಳು ಶುರುವಾಗತ್ತೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಫಾಲ್ ಕಲರ್ಸ್ (ಶರತ್ಕಾಲದಲ್ಲಿ ಮರದ ಎಲೆ ಹಳದಿ, ಕೆಂಪು ಆಗೋದು) ತೋರಿಸ್ಬೇಕು, ಯಾವ ವೀಕೆಂಡ್ ಒಳ್ಳೇದು, ಯಾವ ಗೇಟಿಂದ ಹೋಗ್ಬೇಕು, ಅಮ್ಮಂಗೆ ಮಂಡಿ ನೋವು ನಡೆಯೋಕಾಗತ್ತಾ, ಸಣ್ಣ ಮಗು ಇದೆ ಕರ್ಕೊಂಡು ಹೋಗ್ಬಹುದಾ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಎಲ್ಲಾ ಒಂದೇ ಕಡೆ ಬರೀತಿದ್ದೀನಿ. ನಾವಿರೋದು ವಾಷಿಂಗ್ಟನ್ ಡಿಸಿ ಪಕ್ಕದ ವರ್ಜೀನಿಯಾ ಕಡೆ, ಪ್ರತಿ ಶರತ್ಕಾಲದಲ್ಲೂ ನಮ್ಮಿಬ್ಬರ ಮನೆಯವರು, ಫ್ರೆಂಡ್ಸು ಅಂತ ಗುಂಪು ಕಟ್ಕೊಂಡು ಹೋಗೋದು ಶೆನಂಡೋವಾ ನ್ಯಾಷನಲ್ ಪಾರ್ಕಿಗೆ. ಹಾಗಾಗಿ ಇಲ್ಲಿರೋದೆಲ್ಲ ಆ ಬೆಟ್ಟದ ಬಗ್ಗೆನೇ.

ಶುರು ಮಾಡೋ ಮುಂಚೆ ಒಂದು ಮಾತು, ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. ನಿಮ್ಮ ಗುಂಪಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯೋರು ಯಾರು ಅಂತ ಮೊದಲು ನೋಡ್ಕೊಳ್ಳಿ, ದಿನ ಪೂರ್ತಿ ಅವರ ಹೆಜ್ಜೆಗೆ ತಕ್ಕ ಹಾಗೆ ಹಾಕ್ಕೊಳ್ಳಿ. ಆಗ ಎಲ್ಲರೂ ಖುಷಿಯಾಗಿ ವಾಪಸ್ ಬರ್ತಾರೆ. ಗಟ್ಟಿಮುಟ್ಟಾಗಿರೋರನ್ನ ನೋಡ್ಕೊಂಡು ಪ್ಲ್ಯಾನ್ ಮಾಡಿದ್ರೆ ಅರ್ಧ ಜನ ಕಾರಲ್ಲೇ ಕೂತು ಕಾಯೋ ಹಾಗಾಗತ್ತೆ.

ಜಾಗದ ಬಗ್ಗೆ ಸ್ವಲ್ಪ

ಶೆನಂಡೋವಾ ಬ್ಲೂ ರಿಡ್ಜ್ ಬೆಟ್ಟಸಾಲಿನ ಮೇಲೆ ಉದ್ದಕ್ಕೆ ಚಾಚಿಕೊಂಡಿರೋ ಪಾರ್ಕ್, 1935ರಲ್ಲಿ ಆಗಿದ್ದು. ಬೆಟ್ಟದ ನೆತ್ತಿ ಮೇಲೇ ಸಾಗೋ ರಸ್ತೆಗೆ ಸ್ಕೈಲೈನ್ ಡ್ರೈವ್ ಅಂತಾರೆ, ಒಟ್ಟು 105 ಮೈಲಿ, ಅಂದ್ರೆ 169 ಕಿಲೋಮೀಟರ್. ಒಳಗೆ ಹೋಗೋಕೆ ನಾಲ್ಕೇ ಗೇಟು: ಉತ್ತರದ ತುದಿಯಲ್ಲಿ ಫ್ರಂಟ್ ರಾಯಲ್, ಆಮೇಲೆ ಥಾರ್ನ್‌ಟನ್ ಗ್ಯಾಪ್, ಸ್ವಿಫ್ಟ್ ರನ್ ಗ್ಯಾಪ್, ದಕ್ಷಿಣದ ತುದಿಯಲ್ಲಿ ರಾಕ್‌ಫಿಶ್ ಗ್ಯಾಪ್. ಫ್ರಂಟ್ ರಾಯಲ್ಲಿಂದ ಸೊನ್ನೆ ಅಂತ ಶುರುವಾಗಿ ರಸ್ತೆ ಪಕ್ಕ ಮೈಲಿಕಲ್ಲುಗಳಿವೆ, ಇದನ್ನ ಮೈಲ್‌ಪೋಸ್ಟ್ ಅಂತಾರೆ, ದಕ್ಷಿಣಕ್ಕೆ ಹೋಗ್ತಿದ್ರೆ ನಿಮ್ಮ ಬಲಗಡೆ ಕಾಣ್ಸತ್ತೆ. ಪಾರ್ಕಲ್ಲಿ ಎಲ್ಲಾ ಜಾಗಕ್ಕೂ ಈ ನಂಬರೇ ವಿಳಾಸ, ಕೆಳಗೆ ನಾನೂ ಹಾಗೇ ಬರ್ದಿದ್ದೀನಿ.

ಓವರ್‌ಲುಕ್ ಅಂದ್ರೆ ರಸ್ತೆ ಪಕ್ಕ ಕಾರ್ ನಿಲ್ಲಿಸಿ ಕಣಿವೆ ನೋಡೋ ಜಾಗ, ಇಳಿದ ತಕ್ಷಣ ನೋಟ ಸಿಗತ್ತೆ, ನಡೆಯೋದೇನೂ ಇಲ್ಲ. ಟ್ರೇಲ್ ಅಂದ್ರೆ ಕಾಡೊಳಗಿನ ಕಾಲುದಾರಿ. ವೇಸೈಡ್ ಅಂದ್ರೆ ತಿಂಡಿ ಅಂಗಡಿ, ಟಾಯ್ಲೆಟ್ ಇರೋ ತಂಗುದಾಣ.

1. ತಾರೀಕು ಆರಿಸೋದು

ಎಲ್ಲರೂ ಕೇಳೋದು ಪೀಕ್ ಯಾವಾಗ ಅಂತ, ಅಂದ್ರೆ ಬಣ್ಣ ತುಂಬಿ ತುಳುಕೋ ದಿನ ಯಾವುದು ಅಂತ. ಒಂದೇ ತಾರೀಕು ಅಂತ ಇರಲ್ಲ ಕಣ್ರೀ. ಹಗಲು ಕಡಿಮೆಯಾಗಿ ರಾತ್ರಿ ಚಳಿ ಬಂದಾಗ ಎಲೆಯಲ್ಲಿರೋ ಹಸಿರು ಅಂಶ, ಅದೇ ಕ್ಲೋರೋಫಿಲ್, ಒಡೆದುಹೋಗತ್ತೆ, ಆಗ ಮೊದಲಿಂದ್ಲೂ ಒಳಗೇ ಇದ್ದ ಹಳದಿ ಕಿತ್ತಳೆ ಕಾಣ್ಸತ್ತೆ. ಕೆಂಪು ಮಾತ್ರ ಆ ಟೈಮಲ್ಲೇ ಹೊಸದಾಗಿ ಹುಟ್ಟೋದು, ಹಗಲು ಒಳ್ಳೆ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ರೆ ಕೆಂಪು ಜೋರಾಗಿ ಬರತ್ತೆ. ಇದೆಲ್ಲ ಮೊದಲು ಆಗೋದು ಬೆಟ್ಟದ ಮೇಲೆ, ಯಾಕಂದ್ರೆ ಚಳಿ ಮೊದಲು ಬರೋದು ಅಲ್ಲಿಗೆ. ಆಮೇಲೆ ದಿನದಿಂದ ದಿನಕ್ಕೆ ಬಣ್ಣ ಕೆಳಗಿಳೀತಾ ಬರತ್ತೆ.

ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಕೊನೆವರೆಗೆ ಮೇಲ್ಗಡೆ ಚೆನ್ನಾಗಿರತ್ತೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದ ತನಕ ಕೆಳಗಿನ ಇಳಿಜಾರಲ್ಲಿ. ಅಕ್ಟೋಬರ್ 10ರ ಸುಮಾರಿಗೆ ಹೋಗ್ತೀರಾ ಅಂದ್ರೆ ಎತ್ತರದ ಜಾಗ, ಅಂದ್ರೆ ಸ್ಕೈಲ್ಯಾಂಡ್, ಬಿಗ್ ಮೆಡೋಸ್ ಕಡೆ ಹೋಗಿ. ನವೆಂಬರ್ ಶುರುವಲ್ಲಿ ಹೋಗ್ತೀರಾ ಅಂದ್ರೆ ಫ್ರಂಟ್ ರಾಯಲ್ ಕಡೆಯ ತಗ್ಗಿನ ಭಾಗ ನೋಡಿ. ತಾರೀಕು ನಮ್ಮ ಕೈಲಿಲ್ಲದಿದ್ರೂ ಎತ್ತರ ನಮ್ಮ ಕೈಲಿದೆ, ಇದು ಗೊತ್ತಾದ್ರೆ ಅರ್ಧ ಟೆನ್ಷನ್ ಹೋಗತ್ತೆ.

ಪಾರ್ಕಿನವರು ಶರತ್ಕಾಲದಲ್ಲಿ ಬಣ್ಣ ಎಲ್ಲಿಗೆ ಬಂತು ಅಂತ ಫೋಟೋ ಸಮೇತ ವಾರಾವಾರ ಹಾಕ್ತಾರೆ, ವೆಬ್‌ಕ್ಯಾಮ್ ಕೂಡ ಇದೆ. ಹಿಂದಿನ ದಿನ ರಾತ್ರಿ ನೋಡ್ಕೊಳ್ಳಿ. ಇನ್ನೂ ಸ್ವಲ್ಪ ಜಾಸ್ತಿ ಬಣ್ಣ ಬರ್ಲಿ ಅಂತ ಕಾಯ್ತಾ ಕೂರ್ಬೇಡಿ, ಒಂದು ಜೋರು ಗಾಳಿ ಮಳೆ ಬಂದ್ರೆ ಎಲೆ ಎಲ್ಲಾ ನೆಲಕ್ಕೆ.

ವೀಕ್‌ಡೇ ರಜಾ ಹಾಕೋಕಾದ್ರೆ ಖಂಡಿತ ಹಾಕಿ. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬಂದಿರ್ತಾರೆ, ಅವರಿಗೆ ಮಂಗಳವಾರ ಶನಿವಾರ ಎಲ್ಲಾ ಒಂದೇ, ನಾವು ಒಂದು ದಿನ ರಜಾ ತಗೊಂಡ್ರೆ ಅವರಿಗೆ ಗಲಾಟೆ ಇಲ್ಲದ ಬೆಟ್ಟ ಸಿಗತ್ತೆ. ಅಕ್ಟೋಬರ್ ಎರಡನೇ ಸೋಮವಾರದ ಲಾಂಗ್ ವೀಕೆಂಡ್ ಆದಷ್ಟೂ ಬಿಡಿ. ನವರಾತ್ರಿ, ಕನ್ನಡ ಸಂಘದ ದೀಪಾವಳಿ ಪ್ರೋಗ್ರಾಂ ಎಲ್ಲಾ ಇದೇ ಸೀಸನ್‌ನಲ್ಲಿ ಬರೋದ್ರಿಂದ ಫ್ರೆಂಡ್ಸ್ ಹತ್ರ ಸೆಪ್ಟೆಂಬರಲ್ಲೇ ಒಂದು ದಿನ, ಅದು ಕೈಕೊಟ್ರೆ ಅಂತ ಇನ್ನೊಂದು ದಿನ ಹೇಳಿಟ್ಟಿರಿ.

2. ಪಾಸು, ಟಿಕೆಟ್ಟು

ಒಂದು ಕಾರಿಗೆ 30 ಡಾಲರ್, ಒಳಗೆ ಎಷ್ಟು ಜನ ಇದ್ರೂ ಅಷ್ಟೇ, ಏಳು ದಿನ ನಡೆಯತ್ತೆ. ಶೆನಂಡೋವಾಗೆ ಮಾತ್ರ ಅಂತ ವರ್ಷದ ಪಾಸು 55 ಡಾಲರಿಗಿದೆ, ಬೇಸಿಗೆಗೂ ಒಂದ್ಸಲ ಬರೋ ಪ್ಲ್ಯಾನ್ ಇದ್ರೆ ಅದೇ ವಾಸಿ. ರೇಟು ಬದಲಾಗ್ತಾ ಇರೋದ್ರಿಂದ ಹೊರಡೋ ಮುಂಚೆ ಒಂದ್ಸಲ ನೋಡ್ಬಿಡಿ, ಮತ್ತೆ ಮನೆಯಲ್ಲೇ ಆನ್‌ಲೈನಲ್ಲಿ ತಗೊಂಡು ಫೋನಿಗೆ ಇಳಿಸ್ಕೊಳ್ಳಿ, ಗೇಟಲ್ಲಿ ಸಿಗ್ನಲ್ ನಂಬ್ಕೊಂಡು ಹೋಗ್ಬೇಡಿ.

ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಳ್ಳೋದು ಸೀನಿಯರ್ ಪಾಸ್ ವಿಷಯ. 62 ವರ್ಷ ಆದವರಿಗೆ ಕಡಿಮೆ ಬೆಲೆಗೆ ಪಾಸ್ ಕೊಡೋದು ನಿಜ, ಆದ್ರೆ ಅದು ಅಮೆರಿಕದ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ. ವಿಸಿಟರ್ ವೀಸಾದಲ್ಲಿ ಬಂದಿರೋ ಅಪ್ಪ ಅಮ್ಮಂಗೆ ಸಿಗಲ್ಲ, ಗೇಟಲ್ಲಿ ಅವರ ಪಾಸ್‌ಪೋರ್ಟ್ ತೋರಿಸಿ ಕೇಳಿ ಅವರಿಗೆ ಮುಜುಗರ ಮಾಡ್ಬೇಡಿ. ಇನ್ನೊಂದು ಕಡೆ, ಇಲ್ಲಿ ಓದ್ತಿರೋ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಒಂದು ಫ್ರೀ ಪಾಸ್ ಇದೆ, ಆ ಮಗು ಇರೋ ಕಾರಿಗೇ ಫ್ರೀ, ಇದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರಲ್ಲ. ಆನ್‌ಲೈನಲ್ಲಿ ತಗೊಂಡು ಪ್ರಿಂಟ್ ಮಾಡ್ಕೊಂಡು ಹೋಗ್ಬೇಕು.

ಓಲ್ಡ್ ರ‍್ಯಾಗ್ ಬೆಟ್ಟ ಹತ್ತೋರಿಗೆ ಮಾರ್ಚ್ 1ರಿಂದ ನವೆಂಬರ್ 30ರವರೆಗೆ ಆ ದಿನಕ್ಕೆ ಅಂತ ಪ್ರತ್ಯೇಕ ಟಿಕೆಟ್ ಬೇಕು, ಮುಂಚೇನೇ ಬುಕ್ ಮಾಡ್ಬೇಕು. ಅಲ್ಲಿ ರಾಕ್ ಸ್ಕ್ರ್ಯಾಂಬಲ್ ಇದೆ, ಅಂದ್ರೆ ಕೈ ಕಾಲು ಎರಡೂ ಊರಿ ಬಂಡೆ ಮೇಲೆ ಹತ್ತೋದು. ಫ್ಯಾಮಿಲಿ ಗುಂಪಿಗೆ ಅದು ಬೇಡವೇ ಬೇಡ, ಬೇರೆ ದಿನ ಫ್ರೆಂಡ್ಸ್ ಮಾತ್ರ ಹೋಗಿ.

3. ಕಾರು ಮತ್ತೆ ಯಾರು ಎಲ್ಲಿ ಕೂರೋದು

ಸ್ಕೈಲೈನ್ ಡ್ರೈವ್ ಪೂರ್ತಿ ತಿರುವು, ಸ್ಪೀಡ್ ಲಿಮಿಟ್ ಗಂಟೆಗೆ 35 ಮೈಲಿ. ಚಾರ್ಮಾಡಿ ಘಾಟಲ್ಲಿ ಬಸ್ಸಲ್ಲಿ ಹೋಗಿ ಅಭ್ಯಾಸ ಇರೋರಿಗೂ ಮಿನಿವ್ಯಾನಿನ ಹಿಂದಿನ ಸೀಟಲ್ಲಿ ಕೂತ್ರೆ ಹೊಟ್ಟೆ ತೊಳಸತ್ತೆ. ವಾಂತಿ ಆಗೋರನ್ನ ಮುಂದೆ ಕೂರಿಸಿ, ಮಾತ್ರೆ ಅಭ್ಯಾಸ ಇದ್ರೆ ಬೆಟ್ಟದ ಬುಡಕ್ಕೆ ಬಂದಾಗಲ್ಲ, ಮನೆ ಬಿಡೋ ಮುಂಚೆನೇ ಕೊಡಿ, ಖಾಲಿ ಹೊಟ್ಟೇಲಿ ಹೊರಡ್ಬೇಡಿ. ಒಂದು ಡಬ್ಬಿಯಲ್ಲಿ ಒಣ ಶುಂಠಿ ಇಲ್ಲಾ ನಿಂಬೆಹಣ್ಣು ಇರ್ಲಿ.

ವರ್ಜೀನಿಯಾದಲ್ಲಿ ಎಂಟು ವರ್ಷ ತುಂಬದ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಸೀಟ್ ಕಡ್ಡಾಯ. ಫ್ರೆಂಡ್ಸ್ ಕಾರಲ್ಲಿ ಹೋದ್ರೂ ಅಷ್ಟೇ. ಸೀಟ್ ಲೆಕ್ಕ ಹಾಕ್ವಾಗ ಅಜ್ಜಿ ತೊಡೆ ಮೇಲೆ ಮಗು ಕೂರತ್ತೆ ಅಂದ್ಕೊಂಡು ಲೆಕ್ಕ ಹಾಕೋರನ್ನ ಪ್ರತಿ ವರ್ಷ ನೋಡ್ತೀನಿ, ದಯವಿಟ್ಟು ಬೇಡ, ಪ್ರಾಣದ ವಿಷಯ ಇದು.

ಪೆಟ್ರೋಲ್ ಪಾರ್ಕ್ ಒಳಗೆ ಸಿಗೋದು 51ನೇ ಮೈಲಿಯ ಬಿಗ್ ಮೆಡೋಸಲ್ಲಿ ಮಾತ್ರ, ಅದಕ್ಕೇ ಕೆಳಗಡೆ ಊರಲ್ಲೇ ಟ್ಯಾಂಕ್ ತುಂಬಿಸ್ಕೊಳ್ಳಿ. ದೊಡ್ಡ ಆರ್‌ವಿ, ಅಂದ್ರೆ ಒಳಗೇ ಮಲಗೋಕೆ ಜಾಗ ಇರೋ ಮನೆಯಂಥ ಗಾಡಿ, ಬಾಡಿಗೆಗೆ ತರೋರು 32ನೇ ಮೈಲಿ ಹತ್ರ ಇರೋ ಮೇರೀಸ್ ರಾಕ್ ಸುರಂಗದ ಎತ್ತರ 12 ಅಡಿ 8 ಇಂಚು ಅಂತ ನೆನಪಿಟ್ಕೊಳ್ಳಿ.

4. ಬಟ್ಟೆ

ಮನೆ ಹತ್ರ ಬಿಸಿಲಿದೆ ಅಂತ ಅಮ್ಮ ಬರೀ ಸೀರೆ, ಒಂದು ಶಾಲು, ಚಪ್ಪಲಿ ಹಾಕ್ಕೊಂಡು ಹೊರಟುಬಿಡ್ತಾರೆ. ಕೆಳಗಿನ ಕಣಿವೆಗಿಂತ ಮೇಲೆ ಸುಮಾರು 10 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಇರತ್ತೆ, ಓವರ್‌ಲುಕ್‌ಗಳಲ್ಲಿ ಗಾಳಿ ಬೇರೆ ಬೀಸತ್ತೆ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್, ಹೀಗೆ ಒಂದರ ಮೇಲೊಂದು ಇದ್ರೆ ಬಿಸಿಲು ಬಂದಾಗ ತೆಗೀಬಹುದು. ಸೀರೆನೇ ಉಡ್ತೀನಿ ಅಂದ್ರೆ ಉಡ್ಲಿ, ಕಾಲಿಗೆ ಸಾಕ್ಸ್ ಮತ್ತೆ ಹಿಡಿತ ಇರೋ ಶೂ ಮಾತ್ರ ಬಿಡ್ಬೇಡಿ, ಒದ್ದೆ ಎಲೆ ಬಿದ್ದಿರೋ ದಾರಿ ತುಂಬಾ ಜಾರತ್ತೆ. ಅಪ್ಪನ ಮಂಕಿ ಕ್ಯಾಪ್ ಎಲ್ಲಿದೆ ಅಂತ ಹುಡುಕಿಟ್ಕೊಳ್ಳಿ.

5. ಊಟ

ಮೇಲೆ ವೇಸೈಡ್‌ಗಳಲ್ಲಿ ತಿಂಡಿ ಸಿಗತ್ತೆ, ಆದ್ರೆ ವೆಜ್ ತಿನ್ನೋರಿಗೆ ಆಯ್ಕೆ ಕಮ್ಮಿ, ಅಕ್ಟೋಬರ್ ವೀಕೆಂಡಲ್ಲಿ ಕ್ಯೂ ಉದ್ದ. ಬುತ್ತಿ ಕಟ್ಕೊಂಡು ಹೋಗೋದೇ ಸರಿ, ಇಂಥಾ ಟ್ರಿಪ್ಪಿನ ಅರ್ಧ ಖುಷಿ ಅದರಲ್ಲೇ ಇದೆ ಅಂತ ನಾನಂತೂ ಮನಸಾರೆ ನಂಬಿದ್ದೀನಿ. ಪುಳಿಯೋಗರೆ ಎಲ್ಲದಕ್ಕಿಂತ ಬೆಸ್ಟು, ಆರಿದ್ರೂ ರುಚಿ ಕೆಡಲ್ಲ. ಚಪಾತಿಗೆ ಪಲ್ಯ ಸುತ್ತಿ ಫಾಯಿಲಲ್ಲಿ ಕಟ್ಟಿದ್ರೆ ಮಕ್ಕಳು ಕೈಯಲ್ಲಿ ಹಿಡ್ಕೊಂಡೇ ತಿಂತಾರೆ. ಮೊಸರನ್ನ ಐಸ್ ಬಾಕ್ಸಲ್ಲಿ. ಕೋಡುಬಳೆ, ಚಕ್ಲಿ, ಚಟ್ನಿಪುಡಿ ಅಂತೂ ಇದ್ದೇ ಇರತ್ತೆ. ಸಾರು ಸಾಂಬಾರ್ ಬೇಡ, ತಿರುವಲ್ಲಿ ಚೆಲ್ಲತ್ತೆ. ದೊಡ್ಡ ಫ್ಲಾಸ್ಕಲ್ಲಿ ಬಿಸಿ ಕಾಫಿ, ಇನ್ನೊಂದರಲ್ಲಿ ಬರೀ ಬಿಸಿನೀರು, ಹಿರಿಯರಿಗೆ ಕುಡಿಯೋಕೆ ಅದೇ ಬೇಕಾಗತ್ತೆ. ಅಡುಗೆ ಮನೆಮನೆಗೆ ಹಂಚಿಬಿಡಿ, ಒಬ್ಬರ ತಲೆ ಮೇಲೆ ಹಾಕ್ಬೇಡಿ, ಅದರಲ್ಲೂ ಆ ಒಬ್ಬರು ಯಾವಾಗ್ಲೂ ಹೆಂಗಸರೇ ಆಗಿರ್ತಾರೆ, ನಮ್ಮ ಮನೇಲಿ ಅನ್ನ ಕಲಸೋದು ನಾನು, ಚಪಾತಿ ಅವಳು.

ಬಿಗ್ ಮೆಡೋಸ್ (51ನೇ ಮೈಲಿ), ಪಿನ್ನಕಲ್ಸ್ (36.7), ಎಲ್ಕ್‌ವಾಲೋ (24.1) ಇಲ್ಲೆಲ್ಲ ಟೇಬಲ್, ಟಾಯ್ಲೆಟ್ ಇರೋ ಪಿಕ್ನಿಕ್ ಗ್ರೌಂಡ್ ಇದೆ. ಹನ್ನೊಂದೂವರೆಗೆಲ್ಲ ಹೋಗಿ ಟೇಬಲ್ ಹಿಡೀರಿ. ಉಳಿದ ಊಟ, ಸಿಪ್ಪೆ, ಪ್ಲಾಸ್ಟಿಕ್ ಯಾವುದನ್ನೂ ಹೊರಗೆ ಬಿಡ್ಬೇಡಿ. ಈ ಕಾಡಲ್ಲಿ ಕಪ್ಪು ಕರಡಿ ಇದೆ, ಚಳಿಗಾಲಕ್ಕೆ ಮುಂಚೆ ಅವು ತಿನ್ನೋದೇ ಕೆಲಸ, ಮನುಷ್ಯರ ಅನ್ನದ ರುಚಿ ಹತ್ತಿದ ಕರಡಿಗೆ ಕೊನೆಗೆ ಆಗೋದು ಕೆಟ್ಟದ್ದೇ. ಜಿಂಕೆಗೆ ಚಿಪ್ಸ್ ಹಾಕೋದೂ ಬೇಡ, ಮಕ್ಕಳಿಗೆ ಮೊದಲೇ ಹೇಳಿರಿ. ಕರಡಿ ಕಂಡ್ರೆ 50 ಗಜ ದೂರ ಇರಿ, ಫೋಟೋಗೆ ಅಂತ ಹತ್ರ ಹೋಗ್ಬೇಡಿ.

ಹೋಗೋ ದಾರೀಲಿ ಆಪಲ್ ಅಂಗಡಿಗಳು ಸಿಗತ್ತೆ, ಹಣ್ಣು ಆಗಷ್ಟೇ ಕಿತ್ತಿರೋದು, ತಗೊಳ್ಳಿ. ಅಲ್ಲಿ ಸೈಡರ್ ಅಂದ್ರೆ ಸೇಬಿನ ರಸ, ಆದ್ರೆ ಬಾಟಲಿ ಮೇಲೆ ಹಾರ್ಡ್ ಸೈಡರ್ ಅಂತಿದ್ರೆ ಅದರಲ್ಲಿ ಮದ್ಯ ಇದೆ, ಮನೆಯವರಿಗೆ ಕೊಡೋ ಮುಂಚೆ ಓದಿ. ಸೈಡರ್ ಡೋನಟ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರತ್ತೆ, ಮೊಟ್ಟೆ ತಿನ್ನದವರಿಗೆ ಮೊದಲೇ ಹೇಳಿ.

6. ಗೇಟು ಮತ್ತು ಟೈಮು

ಅಕ್ಟೋಬರ್ ವೀಕೆಂಡಲ್ಲಿ ಹತ್ತು ಗಂಟೆ ಮೇಲೆ ಹೋದ್ರೆ ಗೇಟಲ್ಲೇ ತುಂಬಾ ಹೊತ್ತು ನಿಲ್ಬೇಕಾಗತ್ತೆ, ಅದರಲ್ಲೂ ಥಾರ್ನ್‌ಟನ್ ಗ್ಯಾಪಲ್ಲಿ. ಎಂಟೂವರೆ ಒಳಗೆ ಗೇಟ್ ದಾಟ್ಬೇಕು ಅಂತ ಇಟ್ಕೊಳ್ಳಿ, ಅದಕ್ಕೆ ಡಿಸಿ ಪಕ್ಕದ ಹರ್ನ್‌ಡನ್, ಆಶ್‌ಬರ್ನ್ ಊರುಗಳ ಕಡೆಯವರು ಆರೂವರೆಗೆ ಕಾರ್ ಸ್ಟಾರ್ಟ್ ಮಾಡಿರ್ಬೇಕು. ಹಿರಿಯರು ಹೇಗೂ ಐದಕ್ಕೇ ಎದ್ದಿರ್ತಾರೆ, ಎಬ್ಬಿಸೋ ಕಷ್ಟ ಮಕ್ಕಳದ್ದೇ.

ಹಿರಿಯರು ಇದ್ರೆ ನಾವು ಹೇಳೋ ದಾರಿ ಇದು. ಥಾರ್ನ್‌ಟನ್ ಗ್ಯಾಪಲ್ಲಿ (31.5) ಒಳಗೆ ಹೋಗಿ ದಕ್ಷಿಣಕ್ಕೆ ತಿರುಗಿ. ಗೇಟ್ ಹತ್ರಾನೇ ಟಾಯ್ಲೆಟ್ ಇದೆ, ಎಲ್ಲರೂ ಮುಗಿಸ್ಕೊಳ್ಳಿ, ಮುಂದೆ 38.6ರಲ್ಲಿ ಸ್ಟೋನಿ ಮ್ಯಾನ್ ಓವರ್‌ಲುಕ್ ಹತ್ರಾನೂ ಟಾಯ್ಲೆಟ್ ಇದೆ. ಬೆಳಗ್ಗೆ ಬೆಳಕಲ್ಲಿ 33ರ ಹೇಜಲ್ ಮೌಂಟನ್ ಓವರ್‌ಲುಕ್ ನೋಡಿ, ಅದು ಪೂರ್ವಕ್ಕಿದೆ. 43ರಲ್ಲಿ ಲಿಂಬರ್‌ಲಾಸ್ಟ್ ಟ್ರೇಲ್ ನಡೆದು 51ಕ್ಕೆ ಹೋಗಿ ಊಟ, ಸ್ವಲ್ಪ ವಿಶ್ರಾಂತಿ, ಆಮೇಲೆ ಬಂದ ದಾರೀಲೇ ವಾಪಸ್. ಮಧ್ಯಾಹ್ನದ ಮೇಲೆ ಪಶ್ಚಿಮಕ್ಕಿರೋ ಓವರ್‌ಲುಕ್‌ಗಳು ಚೆಂದ, ಕೆಳಗೆ ಶೆನಂಡೋವಾ ಕಣಿವೆ ಪೂರ್ತಿ ಕಾಣ್ಸತ್ತೆ. ಒಂದು ಕಡೆಗೆ ಇಪ್ಪತ್ತು ಮೈಲಿಗಿಂತ ಕಮ್ಮಿ, ಅಷ್ಟರಲ್ಲೇ ದಿನ ತುಂಬಿಹೋಗತ್ತೆ. ಪೂರ್ತಿ 105 ಮೈಲಿ ಒಂದೇ ದಿನ ಓಡಿಸ್ತೀವಿ ಅಂತ ಹೊರಡೋರಿದ್ದಾರೆ, ಎಲ್ಲೂ ನಿಲ್ಲಿಸದಿದ್ರೂ ಮೂರು ಗಂಟೆ ಬೇಕು, ಕಿಟಕಿಯಿಂದ ಮರ ನೋಡಿದ್ದಷ್ಟೇ ಆಗತ್ತೆ.

ಬೆಟ್ಟದ ಮೇಲೆ ಫೋನ್ ಸಿಗ್ನಲ್ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಎರಡು ಮೂರು ಕಾರಲ್ಲಿ ಹೋಗೋರು ವಾಟ್ಸಾಪ್ ನಂಬ್ಬೇಡಿ, ಮುಂದೆ ಎಲ್ಲಿ ಸೇರೋದು ಅಂತ ಮೈಲ್‌ಪೋಸ್ಟ್ ನಂಬರ್ ಮತ್ತೆ ಟೈಮ್ ಎರಡೂ ಮೊದಲೇ ಮಾತಾಡ್ಕೊಂಡು ಒಂದು ಚೀಟಿಯಲ್ಲಿ ಬರ್ದು ಪ್ರತಿ ಕಾರಿಗೂ ಕೊಡಿ. ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳ್ಳಿ.

7. ಯಾರಿಗೆ ಯಾವ ಟ್ರೇಲ್

ಲಿಂಬರ್‌ಲಾಸ್ಟ್ (43): 1.3 ಮೈಲಿ, ಲೂಪ್, ಅಂದ್ರೆ ಸುತ್ತಾಡಿ ಹೊರಟಲ್ಲಿಗೇ ಬರತ್ತೆ. ಹೆಚ್ಚುಕಮ್ಮಿ ಸಮತಟ್ಟು, ಪುಡಿಕಲ್ಲು ಹಾಸಿದ ದಾರಿ, ಅಲ್ಲಲ್ಲಿ ಬೆಂಚು, ಮರದ ಸೇತುವೆ. ವೀಲ್‌ಚೇರ್, ಸ್ಟ್ರೋಲರ್ ಎರಡೂ ಹೋಗತ್ತೆ. ಮಂಡಿ ನೋವಿರೋ ಅಮ್ಮಂದಿರಿಗೆ ನಾವು ಕಣ್ಣು ಮುಚ್ಕೊಂಡು ಹೇಳೋದು ಇದನ್ನೇ. ಕಾಡೊಳಗೆ ಎಲೆ ಉದುರೋದನ್ನ ಕೂತು ನೋಡೋ ಭಾಗ್ಯ ಕಾರಲ್ಲಿ ಸಿಗಲ್ಲ.

ಸ್ಟೋನಿ ಮ್ಯಾನ್ (41.7): ಹೋಗಿ ಬರೋಕೆ 1.6 ಮೈಲಿ, ಮೆಲ್ಲಗೆ ಏರು. ಸ್ವಲ್ಪ ನಡೆಯೋ ಅಭ್ಯಾಸ ಇರೋ ಹಿರಿಯರು, ದೊಡ್ಡ ಮಕ್ಕಳು ಆರಾಮಾಗಿ ಹೋಗ್ಬಹುದು, ಮೇಲಿನ ನೋಟ ಪಾರ್ಕಲ್ಲೇ ಒಳ್ಳೇದರಲ್ಲಿ ಒಂದು. ತುದಿಯಲ್ಲಿ ಬಂಡೆ ಅಂಚಿಗೆ ಕಂಬಿ ಇಲ್ಲ, ಮಕ್ಕಳ ಕೈ ಬಿಡ್ಬೇಡಿ, ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡ್ಬೇಡಿ. ನಾಯಿ ಕರ್ಕೊಂಡು ಹೋಗೋಕೆ ಬಿಡಲ್ಲ.

ಡಾರ್ಕ್ ಹಾಲೋ ಫಾಲ್ಸ್ (50.7): ಎಲ್ಲರೂ ಮೋಸ ಹೋಗೋದು ಇಲ್ಲೇ. ಬರೀ 1.4 ಮೈಲಿ, ಕೊನೇಲಿ 70 ಅಡಿ ಜಲಪಾತ ಅಂತ ಓದಿ ಹೊರಡ್ತಾರೆ. ಹೋಗ್ತಾ ಇಳಿಜಾರು, ಹಾಯಾಗಿರತ್ತೆ, ಬರ್ತಾ 440 ಅಡಿ ಏರು, ಅದೂ ಸುಸ್ತಾದ ಮೇಲೆ. ಬಿಪಿ, ಹಾರ್ಟ್ ತೊಂದ್ರೆ, ಮಂಡಿ ನೋವು ಇರೋರನ್ನ ಇಲ್ಲಿಗೆ ಇಳಿಸ್ಬೇಡಿ.

ಹಾಕ್ಸ್‌ಬಿಲ್ ಪಾರ್ಕಿನ ಅತಿ ಎತ್ತರದ ಜಾಗ, 4,000 ಅಡಿ ದಾಟತ್ತೆ. ಹೋಗೋದಾದ್ರೆ 46.7ರಲ್ಲಿ ಶುರುವಾಗೋ ಮೇಲಿನ ಟ್ರೇಲ್ ಹಿಡೀರಿ, 45.5ರದ್ದು ದೂರ ಕಮ್ಮಿ ಆದ್ರೂ ತುಂಬಾ ಕಡಿದು.

ಗುಂಪು ಒಡೆಯೋಕೆ ಹೆದರ್ಬೇಡಿ. ನಾಲ್ಕು ಜನ ಸ್ಟೋನಿ ಮ್ಯಾನ್ ಹತ್ಲಿ, ಉಳಿದವರು ಹತ್ರದ ಸ್ಕೈಲ್ಯಾಂಡ್ ಲಾಡ್ಜಲ್ಲಿ ಕಾಫಿ ಕುಡೀತಾ ಕೂತಿರ್ಲಿ, ಅಲ್ಲಿನ ಬ್ಲ್ಯಾಕ್‌ಬೆರಿ ಐಸ್‌ಕ್ರೀಮ್ ಪೈ ಹೆಸರುವಾಸಿ. ಆದ್ರೆ ಹಿರಿಯರನ್ನ ಮಾತ್ರ ಬಿಟ್ಟು ಹೋಗ್ಬೇಡಿ, ಕಾರ್ ಓಡಿಸೋಕೆ ಬರೋರು ಒಬ್ಬರು, ಕೀ ಸಮೇತ, ಅವರ ಜೊತೆ ಇರ್ಲೇಬೇಕು. ನಾವಿಬ್ಬರು ಒಂದ್ಸಲ ನಾನು, ಒಂದ್ಸಲ ಅವಳು ಅಂತ ಪಾಳಿ ಹಾಕ್ಕೊಂಡಿದ್ದೀವಿ.

8. ಔಷಧಿ

ಶುಗರ್ ಇರೋರ ಊಟದ ಟೈಮ್ ಗೇಟಿನ ಕ್ಯೂಗೋಸ್ಕರ ತಪ್ಪಬಾರ್ದು, ಗ್ಲೂಕೋಸ್ ಬಿಸ್ಕೆಟ್ ಕೈಗೆಟುಕೋ ಹಾಗಿರ್ಲಿ. ಮಾತ್ರೆ ಡಬ್ಬಿ ಡಿಕ್ಕಿಯಲ್ಲಿ ಬೇಡ, ಅವರ ಹತ್ರಾನೇ. ವಿಸಿಟರ್ ಇನ್ಶೂರೆನ್ಸ್ ಕಾರ್ಡಿನ ಫೋಟೋ ಇಬ್ಬರ ಫೋನಲ್ಲಿರ್ಲಿ. ಟ್ರೇಲ್ ಮುಗಿದ ಮೇಲೆ ಮಕ್ಕಳ ಕಾಲು, ಕತ್ತು, ಕಿವಿ ಹಿಂದೆ ಉಣ್ಣಿ ಹುಳ ಹತ್ತಿದ್ಯಾ ನೋಡಿ, ಇಲ್ಲಿ ಇದಕ್ಕೆ ಟಿಕ್ ಅಂತಾರೆ, ಚಳಿ ಶುರುವಾದ್ರೂ ಇರತ್ತೆ, ಲೈಮ್ ಅನ್ನೋ ಕಾಯಿಲೆ ಹರಡೋದು ಅದರಿಂದ.

9. ಮಳೆ ಬಂದ್ರೆ

ಮಳೆ ದಿನ ಬೆಟ್ಟದ ಮೇಲೆ ಮೋಡ ಕೂತುಬಿಡತ್ತೆ, ಓವರ್‌ಲುಕ್ಕಲ್ಲಿ ಬಿಳಿ ಬಿಟ್ರೆ ಏನೂ ಕಾಣಲ್ಲ, ಓಡಿಸೋಕೂ ಅಪಾಯ. ಹಟ ಮಾಡ್ಬೇಡಿ. ಥಾರ್ನ್‌ಟನ್ ಗ್ಯಾಪಿಂದ ಪಶ್ಚಿಮಕ್ಕೆ ಇಳಿದ್ರೆ ಲೂರೇ ಊರು, ಅಲ್ಲಿ 1878ರಲ್ಲಿ ಕಂಡುಹಿಡಿದ ದೊಡ್ಡ ಸುಣ್ಣಕಲ್ಲಿನ ಗುಹೆ ಇದೆ, ಒಳಗೆ ವರ್ಷಪೂರ್ತಿ 54 ಡಿಗ್ರಿ ಫ್ಯಾರನ್‌ಹೀಟ್, ಮಳೆ ಬಿಸಿಲು ಯಾವುದೂ ತಟ್ಟಲ್ಲ. ಟಿಕೆಟ್ ಬೇರೆ. ನಡಿಗೆ ಒಂದು ಮೈಲಿಗಿಂತ ಜಾಸ್ತಿ ಇದೆ, ಮಂಡಿ ನೋವಿನವರನ್ನ ಕೇಳಿ ಕರ್ಕೊಂಡು ಹೋಗಿ.

10. ವಾಪಸ್ ಹೊರಡೋದು

ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಮುಳುಗೋದು ಆರೂವರೆ ಸುಮಾರಿಗೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗತ್ತೆ, ಆಮೇಲೆ ಐದಕ್ಕೇ ಕತ್ತಲೆ, ನವೆಂಬರಲ್ಲಿ ಹೋಗೋರು ಇದನ್ನ ಮರ್ತು ಟ್ರೇಲ್ ಮಧ್ಯೆ ಸಿಕ್ಕಿಹಾಕ್ಕೋತಾರೆ. ಪ್ರತಿ ಗುಂಪಲ್ಲೂ ಒಂದು ಟಾರ್ಚ್ ಇರ್ಲಿ.

ಸೂರ್ಯಾಸ್ತ ನೋಡ್ಕೊಂಡೇ ಹೋಗೋಣ ಅನ್ನೋರಿಗೆ 38.6ರ ಓವರ್‌ಲುಕ್ ಸರಿ, ಅಲ್ಲಿಂದ ಗೇಟ್ ಏಳೇ ಮೈಲಿ. ಆದ್ರೆ ಆ ಏಳು ಮೈಲಿ 35 ಕೂಡ ಹೋಗ್ಬೇಡಿ. ಶರತ್ಕಾಲ ಜಿಂಕೆಗಳು ಜೋಡಿ ಹುಡುಕೋ ಕಾಲ, ಮುಸ್ಸಂಜೇಲಿ ಇದ್ದಕ್ಕಿದ್ದ ಹಾಗೆ ರಸ್ತೆಗೆ ಹಾರ್ತವೆ, ಒಂದು ದಾಟಿದ್ರೆ ಹಿಂದೆ ಇನ್ನೊಂದು ಇದ್ದೇ ಇರತ್ತೆ ಅಂದ್ಕೊಂಡು ಬ್ರೇಕ್ ಮೇಲೆ ಕಾಲಿಟ್ಟಿರಿ. ಬೆಳಗ್ಗೆಯಿಂದ ಓಡಿಸಿದವರು ಇಳಿದು ಇನ್ನೊಬ್ಬರಿಗೆ ಕೀ ಕೊಡಿ. ಗೇಟ್ ಹೊರಗೆ ಸಿಗ್ನಲ್ ಬಂದ ಕೂಡ್ಲೇ ಎಲ್ಲಾ ಕಾರಿನವರೂ ಹೊರಗೆ ಬಂದ್ರಾ ಅಂತ ಫೋನ್ ಮಾಡಿ ಕೇಳ್ಕೊಂಡು ಆಮೇಲೆ ಹೈವೇ ಹಿಡೀರಿ.